ಹಾರಿದವರ ಕೋಟು

2019ರ ಆಗಸ್ಟ್ ಹದಿನೈದು, ಗುರುವಾರ. ಮಧ್ಯಾಹ್ನ ಎರಡೂವರೆ ದಾಟಿತ್ತು. ರಾಸ್‌ಕೀಲ್ ಠಾಣೆಯ ಪೇದೆ ಫಿಂಟನ್ ಡೆವರ್ಸ್ ಊಟಕ್ಕೆಂದು ತಂದಿದ್ದ ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಬಿಚ್ಚಿ ಬಾಯಿಗಿಡುವುದರಲ್ಲಿದ್ದ. ಓರ್ಲಾ ಕುಸಾಕ್ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ. ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

"ಕೋಟು ಹೋಯ್ತು."

"ಯಾವ ಕೋಟು?"

"ಯಾವ ಕೋಟು ಅಂತ ಕೇಳ್ತೀರಲ್ಲ! ಈ ಊರಲ್ಲಿ ಇರೋದು ಒಂದೇ ಕೋಟು."

ಫಿಂಟನ್ ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿದ. ಅವಳ ಮಾತು ಸುಳ್ಳಲ್ಲ. ಹತ್ತು ದಿನಗಳಿಂದ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ.

ಓರ್ಲಾ ಡಬ್ಲಿನ್ನಿನವಳು. ಅವಳ ಅಂಗಡಿಗೆ ನಿಂತ ನೆಲೆ ಇಲ್ಲ. ಯಾವುದಾದರೂ ಊರಿನಲ್ಲಿ ಖಾಲಿ ಬಿದ್ದ ಮಳಿಗೆ ಹಿಡಿದು ಎರಡು ಮೂರು ವಾರ ಹಳೆಯ ಬಟ್ಟೆ ಮಾರುವುದು, ಆಮೇಲೆ ಎಲ್ಲವನ್ನೂ ವ್ಯಾನಿಗೆ ತುಂಬಿಕೊಂಡು ಮುಂದಿನ ಊರಿಗೆ ಹೊರಡುವುದು. ಬಟ್ಟೆಗಳನ್ನು ಅವಳು ಅಳತೆಯ ಪ್ರಕಾರ ಜೋಡಿಸುತ್ತಿರಲಿಲ್ಲ, ಸಿನಿಮಾದ ಪ್ರಕಾರ ಜೋಡಿಸುತ್ತಿದ್ದಳು. ಒಂದು ಸಾಲು ಗೂಢಚಾರರ ಮಳೆಕೋಟುಗಳು, ಒಂದು ಸಾಲು ಕ್ಯಾಬರೆ ಹುಡುಗಿಯರ ಮಿಣಮಿಣ ಗೌನುಗಳು, ಇನ್ನೊಂದು ಸಾಲು ರೈಲು ನಿಲ್ದಾಣದಲ್ಲಿ ಅಳುವ ನಾಯಕಿಯರ ಬಿಳಿಚು ಬಣ್ಣದ ಕೋಟುಗಳು. ರಾಸ್‌ಕೀಲಿನಲ್ಲಿ ಅವಳಿಗೆ ಸಿಕ್ಕಿದ್ದು ಬ್ರಿಜ್ ಬೀದಿಯ ಮುಚ್ಚಿದ ಕಬ್ಬಿಣದ ಅಂಗಡಿ. ಮೊಳೆ, ತಿರುಪು ಇಡುತ್ತಿದ್ದ ಪುಟ್ಟ ಪುಟ್ಟ ಡ್ರಾಯರುಗಳಲ್ಲಿ ಈಗ ಕೈಗವಸು, ಬ್ರೂಚುಗಳು ತುಂಬಿದ್ದವು.

ಕಿಟಕಿಯಲ್ಲಿ ನಿಲ್ಲಿಸಿದ್ದ ಗೊಂಬೆಯ ಮೈಮೇಲೆ ಇದ್ದದ್ದು ಹಸಿರು ಟ್ವೀಡ್ ಉಣ್ಣೆಯ ಕೋಟು. 1974ರ ಬೇಸಿಗೆಯಲ್ಲಿ ಈ ಊರಿನ ಬಂದರಿನಲ್ಲಿ ಒಂದು ಚಿತ್ರ ತೆಗೆದಿದ್ದರು. ಊರಿನವರಿಗೆ ಅದರ ಹೆಸರು ಬೇಕಾಗಿಲ್ಲ. ರಾಸ್‌ಕೀಲಿನಲ್ಲಿ 'ಪಿಕ್ಚರ್' ಅಂದರೆ ಅದೊಂದೇ. ಅದರ ಕೊನೆಯಲ್ಲಿ ನಾಯಕ ದೀಪಸ್ತಂಭದ ಗೋಡೆಯಿಂದ, ನಾಲ್ಕಾಳು ಎತ್ತರದಿಂದ, ಸಮುದ್ರಕ್ಕೆ ಹಾರುತ್ತಾನೆ. ನಾಯಕ ನಟ ಹಾರಲಿಲ್ಲ. ಅವನ ಬದಲು ಹಾರಿದವನು ಬಂದರಿನ ಹುಡುಗ ಜಾರ್ಲತ್ ಹೊರಾನ್. ಇದು ಊರಿಗೆಲ್ಲ ಗೊತ್ತು, ಪ್ರವಾಸಿಗಳಿಗೂ ಗೊತ್ತು, ಏಕೆಂದರೆ ಅವರನ್ನು ದೋಣಿಯಲ್ಲಿ ಸುತ್ತಾಡಿಸುವವನು ಜಾರ್ಲತ್ತೇ. ಹಾರಿದ ದೃಶ್ಯದ ಆ ಕೋಟನ್ನು ಓರ್ಲಾ ಲಂಡನ್ನಿನ ಹರಾಜಿನಲ್ಲಿ ಕೊಂಡಿದ್ದಳು. ಶನಿವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಪಿಕ್ಚರ್ ತೋರಿಸುವುದು, ಜಾರ್ಲತ್ ಆ ಕೋಟು ಹಾಕಿಕೊಂಡು ವೇದಿಕೆ ಹತ್ತುವುದು ಎಂದು ನಿಶ್ಚಯವಾಗಿತ್ತು.

ದೂರು ಬರೆದುಕೊಂಡ ಫಿಂಟನ್ ಒಳಕೋಣೆಯ ಬಾಗಿಲು ತಟ್ಟಿದ. ಇನ್‌ಸ್ಪೆಕ್ಟರ್ ಗ್ರಾನ್ಯಾ ಲಾವೆಲ್ ಈ ಠಾಣೆಗೆ ಬಂದು ಎರಡು ತಿಂಗಳಾಗಿತ್ತು. ಅವಳು ಒಳನಾಡಿನವಳು, ದನದ ಸಂತೆಯ ಊರಿನಿಂದ ಬಂದವಳು. ಸಮುದ್ರವನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ.

"ಏನು ಫಿಂಟನ್?"

"ಮೇಡಂ, ಜಾರ್ಲತ್ ಕೋಟು ಕಳುವಾಗಿದೆ."

"ಯಾರ ಕೋಟು ಅಂದ್ರಿ?"

"ಅಂದ್ರೆ, ಓರ್ಲಾದು. ಆದ್ರೆ ಜಾರ್ಲತ್‌ದು."

"ಯಾವುದಾದ್ರೂ ಒಂದು ಹೇಳಿ," ಎಂದು ಗ್ರಾನ್ಯಾ ಟೋಪಿ ತೆಗೆದುಕೊಂಡಳು.

ಅಂಗಡಿಯಲ್ಲಿ ಪಂಚನಾಮೆ ಮೂರು ಗಂಟೆಗೆ ಆರಂಭವಾಯಿತು. ಪಕ್ಕದ ಮಾಂಸದಂಗಡಿಯವನೂ ಎದುರಿನ ಕ್ಷೌರಿಕನೂ ಕರೆಯದೆಯೇ ಬಂದು ಸಾಕ್ಷಿಗಳಾಗಿ ನಿಂತರು. ಬಾಗಿಲು, ಬೀಗ, ಗಾಜು, ಯಾವುದಕ್ಕೂ ಪೆಟ್ಟಿಲ್ಲ. ಹಣದ ಪೆಟ್ಟಿಗೆ ಮುಟ್ಟಿದ ಗುರುತಿಲ್ಲ. ಕಿಟಕಿಯಲ್ಲಿ ಗೊಂಬೆ ಬರಿಮೈಯಲ್ಲಿ ನಿಂತಿತ್ತು. ತಲೆಯ ಮೇಲೆ ಟೋಪಿ ಇತ್ತು, ಕುತ್ತಿಗೆಗೆ ಮಫ್ಲರು ನೀಟಾಗಿ ಕಟ್ಟಿತ್ತು.

ಗ್ರಾನ್ಯಾ ಗೊಂಬೆಯ ಸುತ್ತ ಒಮ್ಮೆ ನಡೆದಳು. "ಇದರ ಹೆಬ್ಬೆರಳು ಯಾಕೆ ಹೊರಗಡೆಗಿದೆ?"

ಓರ್ಲಾ ಬಗ್ಗಿ ನೋಡಿದಳು. "ಅಯ್ಯೋ, ಎಡಗೈ ಬಲಕ್ಕೆ, ಬಲಗೈ ಎಡಕ್ಕೆ ಸಿಕ್ಕಿಸಿದ್ದಾನೆ! ಕೋಟು ತೆಗೀಬೇಕಾದ್ರೆ ಕೈ ಬಿಚ್ಚಲೇಬೇಕು."

"ಅಂದ್ರೆ ತಿರುಗಿ ಜೋಡಿಸಿ ಹೋಗಿದ್ದಾನೆ. ಮಫ್ಲರ್?"

"ಅದನ್ನ ನಾನು ಸಡಿಲ ಬಿಟ್ಟಿದ್ದೆ. ಗಂಟು ಹಾಕಿರೋದು ಅವನೇ."

"ಪಾಪ, ಚಳಿಯಾಗುತ್ತೆ ಅಂತ ಇರಬೇಕು," ಎಂದ ಮಾಂಸದಂಗಡಿಯವ. ಗ್ರಾನ್ಯಾ ನೋಡಿದ ನೋಟಕ್ಕೆ ತೆಪ್ಪಗಾದ.

"ಇದು ಹೆಂಗಸಿನ ಗೊಂಬೆ ಅಲ್ವಾ?" ಗ್ರಾನ್ಯಾ ಕೇಳಿದಳು.

"ಹೌದು. ಗಂಡಸಿನ ಗೊಂಬೆಗೆ ಹಾಕಿದ್ರೆ ಗುಂಡಿನೇ ಕೂರಲಿಲ್ಲ. ಭುಜ ಬರೀ ಹದಿನೈದು ಇಂಚು. ಜಾರ್ಲತ್ ಆಗ ಕಡ್ಡಿ ಹಾಗಿದ್ದಿರಬೇಕು."

"ಕೋಟು ಹೋದಾಗ ನೀವು ಎಲ್ಲಿದ್ರಿ?"

"ಹಿಂದುಗಡೆ. ಲಿಮರಿಕ್‌ನಿಂದ ಮದುವೆ ಹೆಣ್ಣು, ಅವಳ ಗೆಳತಿಯರ ದಂಡು, ಒಂದು ಮಿನಿಬಸ್ ತುಂಬ ಬಂದಿತ್ತು. ಎಲ್ಲರಿಗೂ ಒಟ್ಟಿಗೇ ಮಿಣಮಿಣ ಗೌನು ಬೇಕು. ಸೂಜಿ ಹಾಕಿ ಹಾಕಿ ನನ್ನ ಬೆರಳೇ ತೂತು. ಈಚೆ ಬಂದು ನೋಡಿದ್ರೆ ಇವಳು ಹೀಗೆ ನಿಂತಿದ್ಲು."

ಮಿನಿಬಸ್ಸು ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿತು. ಹೆಂಗಸರು ಐಸ್‌ಕ್ರೀಮ್ ತಿನ್ನುತ್ತ ಗೋಡೆಯ ಮೇಲೆ ಸಾಲಾಗಿ ಕೂತಿದ್ದರು. ಚೀಲ ತೋರಿಸಿ ಎಂದಾಗ ಮದುವೆ ಹೆಣ್ಣು ನಗತೊಡಗಿದಳು. ಕೋಟು ಸಿಗಲಿಲ್ಲ. ದುಡ್ಡು ಕೊಡದೆ ಬಂದಿದ್ದ ಒಂದು ಗರಿಗಳ ಶಾಲು ಸಿಕ್ಕಿತು. ಅದು ಯಾರ ಕುತ್ತಿಗೆಯಲ್ಲಿತ್ತೋ ಅವಳಿಗೇ ಗೊತ್ತಿರಲಿಲ್ಲ. ಅವಳ ಹೆಸರು ಕ್ಲೀನಾ, ಮದುವೆ ಹೆಣ್ಣಿನ ಅಕ್ಕ. ಮುಖ ಕೆಂಪಗೆ ಮಾಡಿಕೊಂಡು ಶಾಲು ಬಿಚ್ಚಿಕೊಟ್ಟಳು.

"ಅಂಗಡಿಯಲ್ಲಿ ಬೇರೆ ಯಾರಾದ್ರೂ ಇದ್ರಾ?" ಗ್ರಾನ್ಯಾ ಕೇಳಿದಳು.

"ಆ ಅಜ್ಜ ಇದ್ನಲ್ಲ, ಅಂಗಡಿಯವನು."

"ಅಂಗಡಿಯಲ್ಲಿ ಅಜ್ಜ ಯಾರೂ ಇಲ್ಲ."

"ಹಾಗಾದ್ರೆ ಯಾರು ಅವನು? ಕಿಟಕಿ ಹತ್ರ ಗೊಂಬೆಗೆ ಮಫ್ಲರ್ ಕಟ್ತಿದ್ದ. ಕೆಲಸದವನು ಅನ್ಕೊಂಡು, ಬೆನ್ನಿನ ಜಿಪ್ಪು ಎಳೀತೀಯಾ ಅಜ್ಜ ಅಂದೆ. ಎಳೆದ."

"ಮುಖ ಹೇಗಿತ್ತು?"

"ನಾನು ಬೆನ್ನು ಕೊಟ್ಟಿದ್ದೆ. ಎದುರು ಕನ್ನಡಿಯಲ್ಲಿ ಕಂಡಿದ್ದಿಷ್ಟೆ. ಕಣ್ಣು ಗಟ್ಟಿಯಾಗಿ ಮುಚ್ಕೊಂಡು, ಮುಖ ಅತ್ಲಾಗೆ ತಿರುಗಿಸ್ಕೊಂಡು ಎಳೀತಿದ್ದ. ಪಾಪ, ನನಗೆ ನಗು ತಡೆಯೋಕಾಗಲಿಲ್ಲ."

"ಕೈಯಲ್ಲಿ ಏನಾದ್ರೂ?"

"ಕಿತ್ತಳೆ ಬಣ್ಣದ ಚೀಲ. ಬಾಯಿ ಸುರುಳಿ ಸುತ್ತಿ ಕಟ್ತಾರಲ್ಲ, ಅಂಥದ್ದು. ಮತ್ತೆ, ಹೂಂ, ಗೌನಿಗೆಲ್ಲ ಡೀಸೆಲ್ ವಾಸನೆ. ಅದಕ್ಕೇ ಅದನ್ನ ತಗೊಳ್ಳಲಿಲ್ಲ ನಾನು."

ಜೀಪಿನಲ್ಲಿ ವಾಪಸು ಬರುವಾಗ ಫಿಂಟನ್ ಹೇಳಿದ: "ನೀರು ಹೋಗದ ಚೀಲ ಅದು. ಪ್ರವಾಸಿಗಳ ಬಟ್ಟೆ ಒದ್ದೆಯಾಗದಿರಲಿ ಅಂತ ದೋಣಿಯವರು ಇಟ್ಟಿರ್ತಾರೆ."

"ಎಷ್ಟು ದೋಣಿ ಇವೆ?"

"ಆರು."

"ಅಜ್ಜಂದಿರು?"

"ಆರಕ್ಕೆ ಆರೂ," ಎಂದ ಫಿಂಟನ್.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಂದರಿಗೆ ಹೋದರು. ದೋಣಿಯವರಲ್ಲಿ ಐವರು ಒಬ್ಬೊಬ್ಬರಾಗಿ ಇನ್‌ಸ್ಪೆಕ್ಟರಿಗೆ ಎದುರು ಪ್ರಶ್ನೆ ಹಾಕಿದರು. ಕೋಟು ಸಿಕ್ಕಿತಾ? ಯಾರ ಮೇಲೆ ಅನುಮಾನ? ಪಿಕ್ಚರ್ ನಿಲ್ಲುತ್ತಾ? ಬೆಳಿಗ್ಗೆ ಠಾಣೆಯ ಮುಂದೆ ಪಾದ್ರಿ ಕೂಡ ಸೈಕಲ್ ನಿಲ್ಲಿಸಿ ಇದನ್ನೇ ಕೇಳಿದ್ದರು. ಐವರ ಬಳಿಯೂ ಕಿತ್ತಳೆ ಚೀಲಗಳಿದ್ದವು, ಐವರೂ ಗುರುವಾರ ಮಧ್ಯಾಹ್ನ ಮೀನುಬಲೆ ಹರವಿಕೊಂಡು ಒಟ್ಟಿಗೇ ಕೂತು ಇಸ್ಪೀಟಾಡಿದ್ದರು.

ಆರನೆಯವನು ಜಾರ್ಲತ್ ಹೊರಾನ್. ಅರವತ್ತಾರರ ವಯಸ್ಸು, ಬಾಗಿಲಿನಷ್ಟು ಅಗಲದ ಆಳು. ಅವನು ತನ್ನ ದೋಣಿಯ ಇಂಜಿನ್ನಿಗೆ ತಲೆ ಕೊಟ್ಟು ಕೂತಿದ್ದ. ಊರಿನಲ್ಲಿ ಅವನಷ್ಟು ಮಾತುಗಾರ ಇನ್ನೊಬ್ಬನಿರಲಿಲ್ಲ.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ, ಜಾರ್ಲತ್?"

"ದೋಣಿಯಲ್ಲಿ."

"ನಿನ್ನೆ ಮಧ್ಯಾಹ್ನ ನೀರಿಳಿದಿತ್ತು. ಯಾವ ದೋಣಿನೂ ಹೊರಡಲಿಲ್ಲ."

"ಕಟ್ಟಿ ಹಾಕಿದ ದೋಣಿಯಲ್ಲಿ."

"ಒಬ್ಬರೇ?"

"ಇಂಜಿನ್ ಇತ್ತು."

"ನಿಮ್ಮ ಕಿತ್ತಳೆ ಚೀಲ ಎಲ್ಲಿ?"

"ಹರಿದೋಯ್ತು. ಎಸೆದೆ."

"ಯಾವಾಗ?"

ಜಾರ್ಲತ್ ಕೈ ಒರೆಸಿಕೊಂಡ. "ಬೇಡವಾದ ವಸ್ತು ಎಸೆಯೋಕೆ ಮುಹೂರ್ತ ನೋಡ್ಬೇಕಾ, ಇನ್‌ಸ್ಪೆಕ್ಟರ್?"

ಗ್ರಾನ್ಯಾ ಮತ್ತೇನೂ ಕೇಳದೆ ಮೆಟ್ಟಿಲು ಹತ್ತಿದಳು. ಮೇಲೆ ಬಂದ ಮೇಲೆ ಫಿಂಟನ್ ತಡೆಯಲಾರದೆ ಹೇಳಿದ: "ಮೇಡಂ, ಅವನು ಯಾಕೆ ಕದೀತಾನೆ? ನಾಳೆ ಹೇಗಿದ್ರೂ ಅವನೇ ಹಾಕ್ಕೊಳ್ಳೋದು. ತನ್ನ ಮದುವೆಗೆ ತಾನೇ ಕಲ್ಲು ಹಾಕ್ಕೊಂಡ ಹಾಗೆ."

"ಊರಲ್ಲಿ ಎಲ್ಲರೂ ನನ್ನನ್ನ ಕೋಟಿನ ಬಗ್ಗೆ ಕೇಳಿದ್ರು. ನಿಮ್ಮ ಪಾದ್ರಿನೂ ಕೇಳಿದ. ಕೇಳದೆ ಇದ್ದವನು ಇವನೊಬ್ಬ."

ಫಿಂಟನ್ ಹಣೆ ನೀವಿಕೊಂಡ.

ಅವರು ಬಂದರಿನ ಪಬ್ಬಿಗೆ ಹೋದರು. ಕುಡಿಯುವುದಕ್ಕಲ್ಲ, ಗೋಡೆ ನೋಡುವುದಕ್ಕೆ. 1974ರ ಶೂಟಿಂಗಿನ ಫೋಟೋಗಳನ್ನೆಲ್ಲ ಅಲ್ಲಿ ಚೌಕಟ್ಟು ಹಾಕಿ ನೇತುಹಾಕಿದ್ದರು. ಒಂದರಲ್ಲಿ ಇಪ್ಪತ್ತೊಂದರ ಜಾರ್ಲತ್ ಇಬ್ಬರು ಕ್ಯಾಮೆರಾದವರ ನಡುವೆ ನಿಂತು ಹಲ್ಲು ಬಿಡುತ್ತಿದ್ದ. ಊರಿನ ಫುಟ್‌ಬಾಲ್ ತಂಡದ ಹಿಂಬದಿಯ ಆಟಗಾರ ಆಗ ಅವನು. ಆ ವಯಸ್ಸಿಗೇ ಅವನ ಭುಜಗಳು ಪಕ್ಕದವರಿಬ್ಬರನ್ನೂ ಚೌಕಟ್ಟಿನ ಅಂಚಿಗೆ ತಳ್ಳುವಂತಿದ್ದವು.

"ಹದಿನೈದು ಇಂಚು ಅಂತೀರಾ ಇದನ್ನ?" ಗ್ರಾನ್ಯಾ ಕೇಳಿದಳು.

"ಇಪ್ಪತ್ತು," ಎಂದ ಫಿಂಟನ್ ಮೆಲ್ಲಗೆ. "ಆದ್ರೆ ಮತ್ತೆ ಆ ಕೋಟಲ್ಲಿ ಹಾರಿದ್ದು ಯಾರು?"

ಓರ್ಲಾಳ ಅಂಗಡಿಯಲ್ಲಿ ಆ ದೃಶ್ಯವನ್ನು ಅವಳ ಕಂಪ್ಯೂಟರಿನಲ್ಲಿ ಹಾಕಿಸಿ ನೋಡಿದರು. ದೂರದಿಂದ ತೆಗೆದದ್ದು, ಮುಖ ಕಾಣುವುದಿಲ್ಲ. ಹಸಿರು ಕೋಟಿನ ಆಕೃತಿ ಗೋಡೆಯ ಅಂಚಿಗೆ ಓಡಿ ಬಂದು ಗಾಳಿಗೆ ಬೀಳುತ್ತದೆ. ಬೀಳುತ್ತ ಬೀಳುತ್ತ ಎರಡೂ ಕೈ ಎದೆಯ ಮೇಲೆ ಅಡ್ಡ ಬರುತ್ತವೆ, ಗಲ್ಲ ಒಳಗೆ ಹೋಗುತ್ತದೆ, ಪಾದಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೊಳೆ ಹೊಡೆದ ಹಾಗೆ ನೆಟ್ಟಗೆ ನೀರಿಗಿಳಿಯುತ್ತದೆ.

"ಇನ್ನೊಮ್ಮೆ ಹಾಕಿ," ಎಂದಳು ಗ್ರಾನ್ಯಾ. ಮತ್ತೆ ನೋಡಿದರು. ಅವಳಿಗೆ ಅದರಿಂದ ಏನೂ ಹೊಳೆಯಲಿಲ್ಲ.

ಹೊಳೆದದ್ದು ಸಂಜೆ ನಾಲ್ಕರ ಹೊತ್ತಿಗೆ. ನೀರು ಏರುತ್ತಿತ್ತು. ದೋಣಿಯವರ ಹೇಳಿಕೆಗಳಿಗೆ ಸಹಿ ಹಾಕಿಸಲು ಇಬ್ಬರೂ ಮತ್ತೆ ಬಂದರಿನ ದಾರಿ ಹಿಡಿದಿದ್ದರು. ಸಣ್ಣ ಗೋಡೆಯ ಮೇಲೆ ಊರಿನ ಮಕ್ಕಳು ಸಾಲಾಗಿ ನಿಂತು ನೀರಿಗೆ ಹಾರುತ್ತಿದ್ದರು. ಕೆಳಗೆ ಕುತ್ತಿಗೆಯುದ್ದ ನೀರಿನಲ್ಲಿ ಬಿಳಿಕೂದಲ ಸಣ್ಣಮೈಯ ಹೆಂಗಸೊಬ್ಬಳು ತೇಲುತ್ತ ಒಬ್ಬೊಬ್ಬರ ಹೆಸರು ಕೂಗುತ್ತಿದ್ದಳು. ಒಂದು ಹುಡುಗಿ ಹಾರಿದಳು. ಕೈ ಎದೆಗೆ ಅಡ್ಡ, ಗಲ್ಲ ಒಳಗೆ, ಪಾದ ಹೆಣೆದು. ಅವಳ ಹಿಂದಿನ ಹುಡುಗ ಹಾಗೆಯೇ. ಅವನ ಹಿಂದಿನವನೂ ಹಾಗೆಯೇ.

ಗ್ರಾನ್ಯಾ ನಿಂತುಬಿಟ್ಟಳು. "ಫಿಂಟನ್, ಇವರೆಲ್ಲ ಯಾಕೆ ಹೀಗೆ ಹಾರ್ತಾರೆ?"

"ಹೇಗೆ? ಎಲ್ಲರೂ ಹೀಗೇ ಅಲ್ವಾ ಹಾರೋದು?"

"ನಮ್ಮೂರ ಕೆರೆಗೆ ಯಾರೂ ಹೀಗೆ ಹಾರಲ್ಲ."

"ನಮಗೆಲ್ಲ ಅಟ್ರಾಕ್ಟಾ ಟೀಚರ್ ಹೇಳಿಕೊಟ್ಟಿದ್ದು. ನನಗೂ, ನಮ್ಮಣ್ಣನಿಗೂ, ಈಗ ನನ್ನ ಮಗಳಿಗೂ. ಊರಲ್ಲಿ ಈಜು ಬರೋರಿಗೆಲ್ಲ ಅವರೇ..." ಫಿಂಟನ್ ನೀರಿನಲ್ಲಿದ್ದ ಹೆಂಗಸಿನ ಭುಜಗಳನ್ನು ಒಮ್ಮೆ ನೋಡಿದ. "ಓ ದೇವರೇ."

"ಜಾರ್ಲತ್‌ಗೂ ಅವರೇ ಹೇಳಿಕೊಟ್ಟಿದ್ದಾ?"

"ಜಾರ್ಲತ್‌ಗಾ? ಅವನಿಗೆ ಈಜೇ ಬರಲ್ಲ ಮೇಡಂ. ಹಳೇ ಮೀನುಗಾರರಿಗೆ ಯಾರಿಗೂ ಬರಲ್ಲ. ಆವತ್ತು ಹಾರಿದ ಮೇಲೆ ಹಗ್ಗ ಎಸೆದು ಎಳೆದ್ರು ಅಂತ ಅವನೇ..."

ಅಟ್ರಾಕ್ಟಾ ಗಿಲ್ವಾರಿ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಅರವತ್ತಮೂರರ ವಯಸ್ಸು. ಪಾಠ ಮುಗಿಸಿ, ಟವೆಲು ಹೊದ್ದು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕಲ್ಲಿನ ಮೇಲೆ ಕೂತಳು. ಗ್ರಾನ್ಯಾ ಪಕ್ಕದಲ್ಲಿ ಕೂತಳು. ಫಿಂಟನ್ ತರಗತಿಯಲ್ಲಿ ನಿಂತವನ ಹಾಗೆ ನಿಂತಿದ್ದ.

"ಟೀಚರ್, ಒಂದು ಕೋಟಿನ ವಿಷಯ ಕೇಳ್ಬೇಕಿತ್ತು."

"ನನ್ನ ಹತ್ರ ಕೋಟಿಲ್ಲ. ಬೇಕಾದ್ರೆ ಮನೆ ಹುಡುಕಿ. ಫಿಂಟನ್, ಬೆನ್ನು ನೆಟ್ಟಗೆ ಮಾಡು."

ಫಿಂಟನ್ ಬೆನ್ನು ನೆಟ್ಟಗೆ ಮಾಡಿದ.

"ನಿಮ್ಮ ಹತ್ರ ಇಲ್ಲ ಅಂತ ಗೊತ್ತು," ಎಂದಳು ಗ್ರಾನ್ಯಾ. "ಒಮ್ಮೆ ಇತ್ತಾ ಅಂತ ಕೇಳ್ತಿದ್ದೀನಿ. 1974ರಲ್ಲಿ."

ಅಟ್ರಾಕ್ಟಾ ಚಹಾ ಕುಡಿದಳು. ದೂರದಲ್ಲಿ ದೀಪಸ್ತಂಭದ ಗೋಡೆಗೆ ಅಲೆ ಬಡಿಯುತ್ತಿತ್ತು.

"ಯಾರು ಹೇಳಿದ್ರು?"

"ನಿಮ್ಮ ಮಕ್ಕಳು. ಗೋಡೆಯಿಂದ ಹಾರಿ ತೋರಿಸಿದ್ರು."

ಅದನ್ನು ಕೇಳಿ ಅಟ್ರಾಕ್ಟಾಳಿಗೆ ನಗು ಬಂತು. ನಗು ಮುಗಿದ ಮೇಲೆ ಹೇಳಿದಳು.

ಹಾರಲು ಒಪ್ಪಿಕೊಂಡಿದ್ದವನು ಜಾರ್ಲತ್ತೇ. ಹಾರಿದ ಕೂಡಲೇ ಹಗ್ಗ ಎಸೆಯುತ್ತೇವೆಂದು ಚಿತ್ರದವರು ಧೈರ್ಯ ಹೇಳಿದ್ದರು. ಗೋಡೆಯ ಮೇಲೆ ಹೋಗಿ ನಿಂತ, ಕೆಳಗೆ ನೋಡಿದ, ಕಾಲು ಕೀಳಲಾಗಲಿಲ್ಲ. ಬೆಳಕು ಹೋಗುತ್ತಿತ್ತು, ಚಿತ್ರದವರು ಕೂಗಾಡುತ್ತಿದ್ದರು, ಅವನು ಗೋಡೆಗೆ ಬೆನ್ನು ಕೊಟ್ಟು ಕೂತು ಅಳತೊಡಗಿದ. ಕ್ಯಾಮೆರಾ ದೂರದಲ್ಲಿ, ಊರಿನವರೆಲ್ಲ ಹಗ್ಗದಾಚೆ. ಮೇಲೆ ಇದ್ದದ್ದು ಇಬ್ಬರು ಚಿತ್ರದವರು, ಮತ್ತೆ ಚಹಾದ ಕೆಟಲ್ ಹೊತ್ತುಕೊಂಡು ಹೋಗಿದ್ದ ಹದಿನೆಂಟರ ಅಟ್ರಾಕ್ಟಾ. ನಾಯಕ ನಟನೂ ಸಣಕಲನೇ. ಅವನ ಅಳತೆಗೆ ಹೊಲಿದಿದ್ದ ಇನ್ನೊಂದು ಕೋಟು ಪೆಟ್ಟಿಗೆಯಲ್ಲಿತ್ತು. ಅವಳು ಕೆಟಲ್ ಕೆಳಗಿಟ್ಟಳು.

"ಭಯ ಆಗ್ಲಿಲ್ವಾ?"

"ಆಯ್ತು. ಆದ್ರೆ ಆ ಗೋಡೆಯಿಂದ ಹಾರಬೇಕು ಅಂತ ನನಗೆ ಏಳು ವರ್ಷದಿಂದ ಆಸೆ ಇತ್ತು. ಹುಡುಗಿಯರನ್ನ ಆ ಕಡೆಗೇ ಬಿಡ್ತಿರಲಿಲ್ಲ."

"ಮತ್ತೆ ಯಾಕೆ ಮುಚ್ಚಿಟ್ರಿ?"

"ಸೆಪ್ಟೆಂಬರಿನಲ್ಲಿ ನನಗೆ ಟೀಚರ್ ತರಬೇತಿಗೆ ಸೀಟು ಸಿಕ್ಕಿತ್ತು. ನಡೆಸ್ತಿದ್ದವರು ಸನ್ಯಾಸಿನಿಯರು. ಗಂಡಸಿನ ಕೋಟು, ಗಂಡಸಿನ ಪ್ಯಾಂಟು ಹಾಕ್ಕೊಂಡು ಸಿನಿಮಾದವರ ಮುಂದೆ ಸಮುದ್ರಕ್ಕೆ ಹಾರಿದವಳಿಗೆ ಮಕ್ಕಳನ್ನ ಒಪ್ಪಿಸ್ತಿದ್ರಾ? ನಮ್ಮಪ್ಪ ಅಂತೂ ಮನೆಗೇ ಸೇರಿಸ್ತಿರಲಿಲ್ಲ. ಚಿತ್ರದವರು ನನ್ನನ್ನ ದೋಣಿಗೆ ಹತ್ತಿಸಿಕೊಂಡು ದಡಕ್ಕೆ ತಂದ್ರು, ನನ್ನ ಹಲ್ಲು ಕಟಕಟ ಅಂತಿರುವಾಗಲೇ ಜಾರ್ಲತ್‌ಗೆ ಹೇಳಿದೆ: ಹಾರಿದ್ದು ನೀನೇ ಅಂತ ಹೇಳು. ಅವನು ಒಂದೇ ಸಮ ಬೇಡ ಅಂದ. ನಾನು ಬಿಡಲಿಲ್ಲ."

"ನಲವತ್ತೈದು ವರ್ಷ ಹೇಳಿದ್ದಾನಲ್ಲ."

"ಚೆನ್ನಾಗಿ ಹೇಳ್ತಾನೆ. ನೀವು ಕೇಳಿಲ್ವಾ? ನಾನು ಹಾರಿದ್ದು ಎರಡು ಕ್ಷಣ. ಅವನು ಹಾರಿದ್ರೆ ಅರ್ಧ ಗಂಟೆ ಹಾರ್ತಾನೆ. ಗಾಳಿಯಲ್ಲಿ ದೇವರ ಪ್ರಾರ್ಥನೆ ಬೇರೆ ಮುಗಿಸ್ತಾನೆ. ಕೇಳ್ತಾ ಕೇಳ್ತಾ ನನಗೇ ಇಷ್ಟ ಆಗಿಬಿಟ್ಟಿತು." ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. "ಒಂದು ಸಲ ಮಾತ್ರ ಬೇಜಾರಾಯ್ತು. ನನ್ನ ತರಗತಿಯ ಹುಡುಗಿಯೊಬ್ಬಳು, ಚೆನ್ನಾಗಿ ಈಜೋಳು, ಟೀಚರ್, ಆ ಗೋಡೆಯಿಂದ ಹುಡುಗಿಯರ ಕೈಲಿ ಆಗಲ್ಲ, ಅದು ಜಾರ್ಲತ್‌ಗೆ ಮಾತ್ರ ಅಂದ್ಲು. ಅವತ್ತು ಬಾಯಿವರೆಗೂ ಬಂತು. ಆದ್ರೆ ಆಗ ಅವನನ್ನ ಏನು ಮಾಡೋದು? ಊರೆಲ್ಲ ಆಡಿಕೊಳ್ತಿತ್ತು."

"ನಾನು ಅವನನ್ನ ಬಂಧಿಸ್ಬೇಕಾಗುತ್ತೆ, ಟೀಚರ್."

"ಬಂಧಿಸಿ. ಅವನಿಗೂ ಸಾಕಾಗಿರುತ್ತೆ," ಎಂದಳು ಅಟ್ರಾಕ್ಟಾ. ಎದ್ದು ಟವೆಲು ಕೊಡವಿದಳು. "ಫಿಂಟನ್, ಕೈಕೋಳ ಗೀಕೋಳ ಅಂತೆಲ್ಲ ಹೋಗ್ಬೇಡ."

ಜಾರ್ಲತ್ ತನ್ನ ದೋಣಿ ಷೆಡ್ಡಿನ ಬಾಗಿಲು ತೆರೆದಿಟ್ಟುಕೊಂಡೇ ಕೂತಿದ್ದ. ಅವರನ್ನು ಕಂಡು ಏಳಲಿಲ್ಲ. ಗ್ರಾನ್ಯಾ ಹುಡುಕಾಟದ ಮಾತೆತ್ತುವ ಮೊದಲೇ ಲೈಫ್ ಜಾಕೆಟ್ಟುಗಳ ಪೆಟ್ಟಿಗೆಯನ್ನು ಗಲ್ಲದಿಂದಲೇ ತೋರಿಸಿದ. ಫಿಂಟನ್ ಮುಚ್ಚಳ ಎತ್ತಿದ. ಕಿತ್ತಳೆ ಚೀಲ, ಅದರೊಳಗೆ ಶುಭ್ರವಾದ ಹಾಸಿಗೆ ಬಟ್ಟೆ, ಅದರೊಳಗೆ ಹಸಿರು ಕೋಟು, ತೋಳುಗಳನ್ನು ಮಡಿಸಿ ಇಟ್ಟಿದ್ದದ್ದು.

"ಜಾರ್ಲತ್ ಹೊರಾನ್, ಕಳ್ಳತನದ ಆರೋಪದ ಮೇಲೆ ನಿಮ್ಮನ್ನ ಬಂಧಿಸ್ತಿದ್ದೀನಿ. ನೀವು ಏನೂ ಹೇಳಬೇಕಾಗಿಲ್ಲ. ಹೇಳಿದ್ರೆ ಬರೆದುಕೊಳ್ತೀವಿ, ಅದು ಸಾಕ್ಷಿ ಆಗಬಹುದು."

"ಹೇಳೋದೇ ಇದೆ," ಎಂದ ಜಾರ್ಲತ್. "ಆದ್ರೆ ಅವಳ ಹೆಸರು ಹೇಳಲ್ಲ."

"ಅವರೇ ಹೇಳಿ ಆಯ್ತು."

ಜಾರ್ಲತ್‌ನ ದೊಡ್ಡ ಭುಜಗಳು ಇಳಿದವು. ಅವನು ಬಹಳ ಹೊತ್ತು ಮುಖ ಒರೆಸಿಕೊಂಡ.

ಠಾಣೆಯಲ್ಲಿ ಫಿಂಟನ್ ಚಹಾ ಮಾಡಿಕೊಟ್ಟ, ಸಕ್ಕರೆ ಜಾಸ್ತಿಯೇ ಹಾಕಿದ. ಹೇಳಿಕೆ ಆರು ಗಂಟೆಯ ಸುಮಾರಿಗೆ ಆರಂಭವಾಯಿತು.

"ಕೋಟು ಯಾಕೆ ತಗೊಂಡ್ರಿ?"

"ಕಿಟಕಿಯಲ್ಲಿ ಕಂಡಾಗಲೇ ಗೊತ್ತಾಯ್ತು, ನನ್ನ ಒಂದು ತೋಳೂ ಅದರಲ್ಲಿ ಹೋಗಲ್ಲ ಅಂತ. ಶನಿವಾರ ಎಲ್ಲರ ಮುಂದೆ ಹಾಕ್ಕೊಂಡು ನಿಲ್ಲು ಅಂತಾರೆ. ಓರ್ಲಾಗೆ ಬೇಡ ಅಂದೆ. ಅವಳು ನಾಚಿಕೆ ಅನ್ಕೊಂಡ್ಲು."

"ಜಿಪ್ಪು ಎಳೆದದ್ದೂ ನೀವೇ?"

"ಅದನ್ನೂ ಬರೀಬೇಕಾ?"

"ಬರೀಬೇಕಾಗಿಲ್ಲ. ತಗೊಂಡು ಏನು ಮಾಡಬೇಕು ಅಂತಿತ್ತು?"

"ಮುಳುಗಿಸಬೇಕು ಅಂತ. ನಿನ್ನೆ ಸಂಜೆ ನೀರು ಬಂದ ಮೇಲೆ ದೋಣಿ ತಗೊಂಡು ಹೋದೆ. ಒಂದು ಕಲ್ಲೂ ಹಾಕ್ಕೊಂಡಿದ್ದೆ. ಚೀಲಕ್ಕೆ ಕಟ್ಟಿದೆ."

"ಮತ್ತೆ?"

"ಆಗಲಿಲ್ಲ. ನನ್ನ ಕೋಟಾಗಿದ್ರೆ ಮುಳುಗಿಸ್ತಿದ್ದೆ, ಇನ್‌ಸ್ಪೆಕ್ಟರ್. ಅದು ಅವಳದ್ದು."

ಫಿಂಟನ್ ಅದನ್ನು ಹಾಗೆಯೇ ಬರೆದುಕೊಂಡ.

"ಮೊದಲ ವರ್ಷ ಅವಳಿಗೋಸ್ಕರ ಹೇಳಿದೆ," ಎಂದ ಜಾರ್ಲತ್. "ಅವಳ ಅಪ್ಪ ತೀರಿಕೊಂಡ, ಅವಳು ಟೀಚರ್ ಆದ್ಲು, ಆ ಸನ್ಯಾಸಿನಿಯರೂ ಹೋದ್ರು. ಆಗಲೇ ನಿಲ್ಲಿಸಬಹುದಿತ್ತು. ಆದ್ರೆ ಅಷ್ಟೊತ್ತಿಗೆ ನಾನು ಹಾರಿದವನಾಗಿಬಿಟ್ಟಿದ್ದೆ. ಅದಿಲ್ಲದಿದ್ರೆ ನಾನ್ಯಾರು? ಗೋಡೆ ಮೇಲೆ ಕೂತು ಅತ್ತವನು."

ಓರ್ಲಾಳಿಗೆ ವಿಷಯ ತಿಳಿಸಿದಾಗ ಮೊದಲು ಸಿಟ್ಟಾದಳು, ಆಮೇಲೆ ಕುರ್ಚಿ ಎಳೆದು ಕೂತು ಪೂರ್ತಿ ಕತೆಯನ್ನು ಎರಡು ಸಲ ಹೇಳಿಸಿಕೊಂಡಳು. ದೂರು ಮುಂದುವರಿಸುವುದಿಲ್ಲ ಎಂದಳು. ಕಾನೂನು ಅಷ್ಟಕ್ಕೇ ಬಿಡುವಂತಿರಲಿಲ್ಲ. ಮೇಲಧಿಕಾರಿಗೆ ಫೋನು ಹೋಯಿತು. ಮೊದಲ ಅಪರಾಧ, ವಸ್ತು ಸುರಕ್ಷಿತವಾಗಿ ದೊರೆತಿದೆ, ಆರೋಪಿ ಒಪ್ಪಿಕೊಂಡಿದ್ದಾನೆ. ಎಚ್ಚರಿಕೆ ಕೊಟ್ಟು ಬಿಡಬಹುದು ಎಂದು ಆದೇಶ ಬಂತು. ಜಾರ್ಲತ್ ಹೊರಗೆ ಬಂದಾಗ ಠಾಣೆಯ ಬಾಗಿಲಲ್ಲಿ ಅಟ್ರಾಕ್ಟಾ ನಿಂತಿದ್ದಳು.

"ದೊಡ್ಡ ಕಳ್ಳ ಕಣೋ ನೀನು," ಎಂದಳು. "ಗೊಂಬೆ ಕೈ ಜೋಡಿಸೋಕೂ ಬರಲ್ಲ."

"ಅಟ್ರಾಕ್ಟಾ, ನಾಳೆ ನಾನು ಹೇಳಿಬಿಡ್ಲಾ?"

"ಹೇಳು. ಆದ್ರೆ ಚಿಕ್ಕದಾಗಿ ಹೇಳು. ನಿನ್ನ ಕೈಲಾದ್ರೆ."

ಶನಿವಾರ ಸಂಜೆ ಸಭಾಂಗಣದಲ್ಲಿ ಕುರ್ಚಿ ಸಾಲದೆ ಶಾಲೆಯ ಬೆಂಚುಗಳನ್ನು ತರಿಸಿದರು. ಗ್ರಾನ್ಯಾ ಸಮವಸ್ತ್ರ ಕಳಚಿಟ್ಟು, ಹಿಂದಿನ ಸಾಲಿನಲ್ಲಿ ಫಿಂಟನ್ ಮನೆಯವರ ಜೊತೆ ಕೂತಿದ್ದಳು. ಜಾರ್ಲತ್ ಬರಿಯ ಅಂಗಿಯಲ್ಲಿ ವೇದಿಕೆ ಹತ್ತಿದ. ನಿಜಕ್ಕೂ ಚಿಕ್ಕದಾಗಿಯೇ ಹೇಳಿದ: ಹಾರಿದ್ದು ನಾನಲ್ಲ. ನಾನು ಹೆದರಿದೆ. ಹಾರಿದ್ದು ಅಟ್ರಾಕ್ಟಾ. ಕೋಟು ಕದ್ದದ್ದು ಮಾತ್ರ ನಾನು.

ಮೊದಲು ಎದ್ದು ನಿಂತವನು ಮಾಂಸದಂಗಡಿಯವ.

"ಹಾಗಾದ್ರೆ ಇಷ್ಟು ವರ್ಷ ನಾವು ನಿನಗೆ ಕುಡಿಸಿದ ಬಿಯರು?"

ಮೂರನೆಯ ಸಾಲಿನಿಂದ ಅಟ್ರಾಕ್ಟಾ ತಿರುಗಿ ನೋಡಿದಳು. "ಕತೆ ಕೇಳಿದ್ರಲ್ಲ, ಅದಕ್ಕೆ ಸರಿಹೋಯ್ತು. ಹಾರಿದ್ದಕ್ಕೆ ಬೇರೆ ಕುಡಿಸಿ, ನನಗೆ. ನಾನು ಬೇಡ ಅನ್ನಲ್ಲ."

ನಗು ಒಂದು ಮೂಲೆಯಲ್ಲಿ ಶುರುವಾಗಿ ಇಡೀ ಸಭಾಂಗಣಕ್ಕೆ ಹಬ್ಬಿತು. ಯಾರೋ ಚಪ್ಪಾಳೆ ತಟ್ಟಿದರು, ಬೆಂಚುಗಳ ಮೇಲಿದ್ದ ಮಕ್ಕಳು ಕಾಲಿನಿಂದ ನೆಲ ಬಡಿದರು. ಓರ್ಲಾ ಕೋಟು ತಂದು ಅಟ್ರಾಕ್ಟಾಳ ಮುಂದೆ ಹಿಡಿದಳು. ಅವಳು ವೇದಿಕೆ ಹತ್ತಲು ಒಪ್ಪಲಿಲ್ಲ. ಕೂತಲ್ಲೇ ತೋಳು ತೂರಿಸಿ, ಗುಂಡಿ ಹಾಕಿಕೊಂಡು, "ದೀಪ ಆರಿಸಿ, ಹೊತ್ತಾಯ್ತು," ಎಂದಳು.

ಜಾರ್ಲತ್ ಹಿಂದಕ್ಕೆ ಬಂದು ಗ್ರಾನ್ಯಾಳ ಪಕ್ಕದಲ್ಲಿ ಖಾಲಿ ಇದ್ದ ಜಾಗದಲ್ಲಿ ಕೂತ. ಪಿಕ್ಚರ್ ನಡೆಯುತ್ತ ಹೋಯಿತು. ದೀಪಸ್ತಂಭ ತೆರೆಯ ಮೇಲೆ ಬಂದಾಗ ಅವನು ಮುಂದಿನ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಗ್ರಾನ್ಯಾ ಕಂಡಳು.

"ಎಷ್ಟನೇ ಸಲ ನೋಡ್ತಿರೋದು?" ಎಂದು ಪಿಸುಮಾತಿನಲ್ಲಿ ಕೇಳಿದಳು.

"ಪಿಕ್ಚರ್ ನೋಡಿದ್ದಕ್ಕೆ ಲೆಕ್ಕ ಇಲ್ಲ. ಈ ಹಾರೋದನ್ನ ಮಾತ್ರ ನೋಡಿಲ್ಲ. ಈ ಜಾಗ ಬಂದ್ರೆ ಎದ್ದು ಆಚೆ ಹೋಗಿಬಿಡ್ತಿದ್ದೆ. ಆವತ್ತೂ ನೋಡಲಿಲ್ಲ ನಾನು, ಮುಖ ಮುಚ್ಕೊಂಡಿದ್ದೆ."

ಹಸಿರು ಕೋಟಿನ ಆಕೃತಿ ಗೋಡೆಯ ಅಂಚಿಗೆ ಓಡಿಬಂತು. ಗಾಳಿಗೆ ಬಿತ್ತು. ಕೈಗಳು ಎದೆಗೆ ಅಡ್ಡ ಬಂದವು, ಪಾದಗಳು ಹೆಣೆದುಕೊಂಡವು, ನೀರು ತೆರೆದು ಮುಚ್ಚಿಕೊಂಡಿತು. ಸಭಾಂಗಣವೆಲ್ಲ ಎದ್ದು ನಿಂತು ಕೂಗುತ್ತಿತ್ತು. ಜಾರ್ಲತ್ ಮಾತ್ರ ಕೂತೇ ಇದ್ದ. ಎದ್ದು ನಿಂತವರ ಸಂದಿಯಲ್ಲಿ ಕುತ್ತಿಗೆ ಚಾಚಿ ತೆರೆಯನ್ನೇ ನೋಡುತ್ತಿದ್ದ.

"ಎಷ್ಟು ಚೆನ್ನಾಗಿ ಹಾರಿದ್ದಾಳೆ ನೋಡಿ," ಎಂದ.